ಬಂಡೆಯ ಬೋಲ್ಟಿಗೂ ಬೇಕು ಜೀರ್ಣೋದ್ಧಾರ

ಬಂಡೆ ಹತ್ತುವುದೆಂದರೆ ನಮ್ಮವರಿಗೆ ಥಟ್ಟನೆ ನೆನಪಾಗುವುದು ಚಿತ್ರದುರ್ಗದ ಜ್ಯೋತಿರಾಜ್. ಹಗ್ಗವಿಲ್ಲದೆ ಕೋಟೆಯ ಗೋಡೆಯನ್ನು ಬರಿಗೈಯಲ್ಲಿ ಏರುವ ಅವರನ್ನು ಕಂಡು ಬೆರಗಾಗದವರಿಲ್ಲ. ಆದರೆ ಈ ಬೆರಗು ಒಂದು ತಪ್ಪು ತಿಳಿವಳಿಕೆಗೂ ದಾರಿ ಮಾಡಿಕೊಟ್ಟಿದೆ. ಶಿಲಾರೋಹಣವೆಂದರೆ ಪ್ರಾಣವನ್ನು ಪಣಕ್ಕಿಡುವ ಆಟ, ಬಿದ್ದರೆ ಅದು ಬಿದ್ದವರ ಹಣೆಬರಹ ಎಂದು ಬಹಳ ಮಂದಿ ಭಾವಿಸಿದ್ದಾರೆ. ವಾಸ್ತವ ಹಾಗಿಲ್ಲ. ವಾರಾಂತ್ಯದಲ್ಲಿ ಬೆಂಗಳೂರಿನಿಂದ ರಾಮನಗರದ ಕಡೆಗೋ ಸಾವನದುರ್ಗಕ್ಕೋ ಬಾದಾಮಿಗೋ ಹೊರಡುವ ಯುವಕ ಯುವತಿಯರಲ್ಲಿ ಹೆಚ್ಚಿನವರು ಹಗ್ಗ ಕಟ್ಟಿಕೊಂಡೇ ದೊಡ್ಡ ಬಂಡೆಗಳನ್ನು ಏರುತ್ತಾರೆ. ಬಿದ್ದರೂ ಉಳಿಯಬೇಕೆಂಬ ಲೆಕ್ಕಾಚಾರದಲ್ಲಿಯೇ ಏರುತ್ತಾರೆ. ಆ ಲೆಕ್ಕಾಚಾರವೆಲ್ಲ ನಿಂತಿರುವುದು ಕಲ್ಲಿನೊಳಗೆ ಹೂತ, ಕೈಬೆರಳಿನಷ್ಟು ಉದ್ದದ ಒಂದು ಉಕ್ಕಿನ ತುಂಡಿನ ಮೇಲೆ. ಅದೇ ಬೋಲ್ಟು.

ಅದರ ಕೆಲಸ ಸರಳ. ಬಂಡೆಗೆ ರಂಧ್ರ ಕೊರೆದು ಬೋಲ್ಟನ್ನು ಕೂರಿಸಿ ನಟ್ಟು ಬಿಗಿದರೆ, ಅದರ ಬುಡದಲ್ಲಿರುವ ಉಂಗುರ ಹಿಗ್ಗಿ ಕಲ್ಲನ್ನು ಉಡದ ಪಟ್ಟಿನಂತೆ ಹಿಡಿದುಕೊಳ್ಳುತ್ತದೆ. ಹೊರಗೆ ಉಳಿಯುವುದು ಹ್ಯಾಂಗರ್ ಎಂಬ, ತೂತಿರುವ ಲೋಹದ ಪಟ್ಟಿ. ಮೇಲೇರುವವರು ಅದಕ್ಕೆ ಕೊಕ್ಕೆ ಹಾಕಿ, ಕೊಕ್ಕೆಯೊಳಗೆ ಹಗ್ಗ ತೂರಿಸಿ ಮುಂದೆ ಸಾಗುತ್ತಾರೆ. ಕೊನೆಯ ಬೋಲ್ಟಿಗಿಂತ ಎರಡು ಮೀಟರ್ ಮೇಲೆ ಕೈ ಜಾರಿತೆನ್ನಿ. ಬೋಲ್ಟಿನವರೆಗೆ ಎರಡು ಮೀಟರ್, ಅದರ ಕೆಳಗೆ ಮತ್ತೆ ಎರಡು ಮೀಟರ್, ಜೊತೆಗೆ ಹಗ್ಗ ಹಿಗ್ಗುವಷ್ಟು ದೂರ ಬಿದ್ದ ಮೇಲೆ ಇಡೀ ದೇಹದ ವೇಗವನ್ನು ಆ ಬೋಲ್ಟು ತಡೆಯಬೇಕು. ಯುರೋಪಿನ ಇಎನ್ 959 ಮಾನದಂಡದ ಪ್ರಕಾರ ಅದು ಅಡ್ಡ ಎಳೆತದಲ್ಲಿ 25 ಕಿಲೋನ್ಯೂಟನ್, ಅಂದರೆ ಸುಮಾರು ಎರಡೂವರೆ ಟನ್ ತೂಕದಷ್ಟು ಬಲವನ್ನು ತಾಳಬೇಕು. ಆರೋಹಿ ಬಿದ್ದಾಗ ಅದರ ಮೇಲೆ ಬರುವ ಹೊರೆ ಇದಕ್ಕಿಂತ ಎಷ್ಟೋ ಕಡಿಮೆ. ಆದ್ದರಿಂದ ಹೊಸ ಬೋಲ್ಟು ಸರಿಯಾಗಿ ಕೂತಿದ್ದರೆ ಚಿಂತೆಯಿಲ್ಲ. ಪ್ರಶ್ನೆ ಇರುವುದು ಹಳೆಯದರದು.

ರಾಮನಗರದ ಬಂಡೆಗಳಿಗೆ ಭೂವಿಜ್ಞಾನಿಗಳು ಕೊಟ್ಟಿರುವ ಹೆಸರು ಕ್ಲೋಸ್‌ಪೇಟೆ ಗ್ರಾನೈಟ್. ಊರಿನ ಹಳೆಯ ಹೆಸರು ಬದಲಾದರೂ ಕಲ್ಲಿನ ಹೆಸರಿನಲ್ಲಿ ಅದು ಉಳಿದುಕೊಂಡಿದೆ. ಈ ಕಲ್ಲಿನ ವಯಸ್ಸು ಸುಮಾರು 250 ಕೋಟಿ ವರ್ಷ. ಅದರೊಳಗೆ ನಾವು ಹೂತಿಟ್ಟ ಉಕ್ಕಿನ ಆಯುಷ್ಯ, ಲೋಹ ಸಾಧಾರಣದ್ದಾದರೆ, ಕೆಲವು ದಶಕಗಳಷ್ಟೇ. ನೀರು ಜಿನುಗುವ ಜಾಗದಲ್ಲಿ ಅಷ್ಟೂ ಇಲ್ಲ. ಕಟ್ಟಡ ಕೆಲಸಕ್ಕೆಂದು ಸದರ ಪತ್ರಪ್ಪ ರಸ್ತೆಯಂಥ ಪೇಟೆಗಳಲ್ಲಿ ಸಿಗುವ ಆ್ಯಂಕರ್ ಬೋಲ್ಟುಗಳ ಮೇಲೆ ಸಾಮಾನ್ಯವಾಗಿ ಇರುವುದು ಸತುವಿನ ತೆಳುಲೇಪ ಮಾತ್ರ. ಗೋಡೆಯೊಳಗೆ, ಸೂರಿನ ಕೆಳಗೆ ಅದು ಸಾಕು. ಮಳೆ, ಬಿಸಿಲು, ಇಬ್ಬನಿಗಳಿಗೆ ಸದಾ ಮೈಯೊಡ್ಡಿರುವ ಬಂಡೆಯ ಮೇಲೆ ಸಾಲದು. ಸತು ಸವೆದ ಮೇಲೆ ಉಕ್ಕಿಗೆ ತುಕ್ಕು ಹಿಡಿಯುತ್ತದೆ. ಉಳಿತಾಯದ ದೃಷ್ಟಿಯಿಂದ ಸತು ಲೇಪಿತ ಬೋಲ್ಟಿಗೆ ಸ್ಟೇನ್‌ಲೆಸ್ ಸ್ಟೀಲಿನ ಹ್ಯಾಂಗರ್ ಜೋಡಿಸಿದರಂತೂ ಕೇಡು ಇನ್ನೂ ಬೇಗ. ಬೇರೆ ಬೇರೆ ಜಾತಿಯ ಎರಡು ಲೋಹಗಳು ಒದ್ದೆಯಲ್ಲಿ ಒಂದನ್ನೊಂದು ಮುಟ್ಟಿಕೊಂಡಿದ್ದಾಗ ಸಣ್ಣದೊಂದು ವಿದ್ಯುತ್ ಕೋಶವೇ ಏರ್ಪಟ್ಟು, ದುರ್ಬಲ ಲೋಹ ಕರಗುತ್ತಾ ಹೋಗುತ್ತದೆ. ಕಣ್ಣಿಗೆ ಕಾಣುವ ಹ್ಯಾಂಗರ್ ಫಳಫಳ ಹೊಳೆಯುತ್ತಿರುತ್ತದೆ, ಕಾಣದ ಬೋಲ್ಟು ಒಳಗೆ ಕೊರಗುತ್ತಿರುತ್ತದೆ.

ನಾನು ಎರಡು ದಶಕಗಳಿಂದ ಹವ್ಯಾಸಕ್ಕಾಗಿ ಬಂಡೆ ಏರುತ್ತಿರುವವನು. ಕಳೆದ ಕೆಲವು ವರ್ಷಗಳಿಂದ ಗೆಳೆಯರೊಡನೆ ಹಳೆಯ ಬೋಲ್ಟುಗಳನ್ನು ಬದಲಿಸುವ ಕೆಲಸಕ್ಕೂ ಹೋಗುತ್ತಿದ್ದೇನೆ. ಒಂದು ಚಳಿಗಾಲದಲ್ಲಿ ರಾಮನಗರದ ಸುತ್ತಲಿನ ಬಂಡೆಯೊಂದರಲ್ಲಿ, ಅನುಮತಿ ಪಡೆದು, ಒಂಬತ್ತು ಬೋಲ್ಟುಗಳ ಒಂದು ದಾರಿಯನ್ನು ದುರಸ್ತಿಗೆ ಎತ್ತಿಕೊಂಡೆವು. ಮೈಯೆಲ್ಲ ತುಕ್ಕು ಹಿಡಿದು, ಕಲ್ಲಿನ ಮೇಲೆ ಕಂದು ಗೆರೆ ಎಳೆದಿದ್ದ ಒಂದು ಬೋಲ್ಟು ಎಲ್ಲಕ್ಕಿಂತ ಮೊದಲು ಬರುತ್ತದೆಂದು ಭಾವಿಸಿದ್ದೆವು. ಅದು ಅರ್ಧ ಗಂಟೆ ನಮ್ಮನ್ನು ಸತಾಯಿಸಿತು. ನೋಡಲು ಹೊಸದರಂತಿದ್ದ ಇನ್ನೊಂದು, ಸ್ಪ್ಯಾನರಿನಿಂದ ತುಸು ಬಲವಾಗಿ ತಿರುವಿದೊಡನೆ ಮುರಿದು ಕೈಗೆ ಬಂತು. ಮುರಿದ ಜಾಗದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಕಪ್ಪಾಗಿತ್ತು. ಅಂದರೆ ಅದು ಎಷ್ಟೋ ಕಾಲದ ಹಿಂದೆಯೇ ಬಿರುಕು ಬಿಟ್ಟಿತ್ತು. ಹಿಂದಿನ ಭಾನುವಾರ ಅದೇ ದಾರಿಯಲ್ಲಿ ಕಾಲೇಜು ವಿದ್ಯಾರ್ಥಿಗಳ ತಂಡವೊಂದು ತರಬೇತಿ ಪಡೆದು ಹೋಗಿತ್ತು.

ಕೆಳಗೆ ಆಡು ಮೇಯಿಸುತ್ತಿದ್ದ ಹಿರಿಯರೊಬ್ಬರು ನಮ್ಮ ಗದ್ದಲ ಕೇಳಿ ಬಂದು ನಿಂತಿದ್ದರು. 'ಚೆನ್ನಾಗೇ ಇದ್ದಂಗಿತ್ತಲ್ಲ ಸ್ವಾಮಿ, ಯಾಕೆ ಕೀಳ್ತಿದ್ದೀರಿ?' ಎಂದು ಕೇಳಿದರು. ಮುರಿದ ತುಂಡನ್ನು ಅವರ ಕೈಗಿತ್ತೆವು. ತಿರುಗಿಸಿ ನೋಡಿ, 'ನೇಗಿಲ ಕುಳ ಸವೆದ್ರೆ ಕಣ್ಣಿಗೆ ಕಾಣ್ತದೆ, ಇದು ಕಾಣಾಕಿಲ್ಲ' ಎಂದರು. ಬೋಲ್ಟಿನ ಸಮಸ್ಯೆಯನ್ನು ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾನು ಕಂಡಿಲ್ಲ.

ಹಳೆಯದನ್ನು ಕಿತ್ತು ಹೊಸದನ್ನು ಹಾಕುವುದೆಂದರೆ ಬಲ್ಬು ಬದಲಿಸಿದಂತಲ್ಲ. ಕಲ್ಲನ್ನು ಕಚ್ಚಿ ಹಿಡಿಯುವುದಕ್ಕೆಂದೇ ರೂಪಿಸಿದ ವಸ್ತು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ನಟ್ಟು ತೆಗೆದು, ಬೋಲ್ಟಿನ ತುದಿಗೆ ಡ್ರಿಲ್ ಜೋಡಿಸಿ, ಅದನ್ನು ಇದ್ದಲ್ಲಿಯೇ ಗರಗರನೆ ತಿರುಗಿಸಬೇಕು. ಹಿಡಿತ ಸಡಿಲವಾದ ಮೇಲೆ ತಿರುಪಿನ ಸಾಧನದಿಂದ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಹೊರಗೆಳೆಯಬೇಕು. ಆಮೇಲೆ ಅದೇ ರಂಧ್ರವನ್ನು 10 ಮಿಲಿಮೀಟರಿನಿಂದ 12 ಮಿಲಿಮೀಟರಿಗೆ ಹಿಗ್ಗಿಸಿ, ಬ್ರಷ್ಷಿನಿಂದ ಉಜ್ಜಿ, ಪುಡಿಯನ್ನೆಲ್ಲ ಊದಿ ತೆಗೆದು, ಸ್ಟೇನ್‌ಲೆಸ್ ಸ್ಟೀಲಿನ ಹೊಸ ಬೋಲ್ಟನ್ನು ಕೂರಿಸಿ, ತಯಾರಕರು ಹೇಳಿದ ಅಳತೆಗೆ ಬಿಗಿಯಬೇಕು. ಕಲ್ಲು ಮೆದುವಾಗಿದ್ದರೆ ಅಂಟಿನಲ್ಲಿ ಕೂರಿಸುವ ಉದ್ದನೆಯ ಬೋಲ್ಟುಗಳೇ ಮೇಲು. ಇದನ್ನೆಲ್ಲ ಹಗ್ಗದಲ್ಲಿ ನೇತಾಡುತ್ತಾ ಮಾಡಬೇಕೆಂಬುದನ್ನು ಮರೆಯಬಾರದು. ಅಡ್ಡದಾರಿಯೂ ಒಂದಿದೆ. ಹಳೆಯದನ್ನು ಸುತ್ತಿಗೆಯಿಂದ ಬಡಿದು ಬಗ್ಗಿಸಿ, ಪಕ್ಕದಲ್ಲಿ ಇನ್ನೊಂದು ರಂಧ್ರ ಕೊರೆದರೆ ಕೆಲಸ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಇಪ್ಪತ್ತು ವರ್ಷಕ್ಕೊಮ್ಮೆ ಹೀಗೆ ಮಾಡುತ್ತಾ ಹೋದರೆ ನಮ್ಮ ಮೊಮ್ಮಕ್ಕಳ ಪಾಲಿಗೆ ಉಳಿಯುವುದು ಮೊಳೆ ಹೊಡೆದು ಹೊಡೆದು ಹಾಳಾದ ಗೋಡೆಯಂಥ ಬಂಡೆ.

ಈ ಸಮಸ್ಯೆಯನ್ನು ನಮಗಿಂತ ಮೊದಲೇ, ನಮಗಿಂತ ದೊಡ್ಡ ಪ್ರಮಾಣದಲ್ಲಿ ಎದುರಿಸಿದವರು ಅಮೆರಿಕದ ಕ್ಯಾಲಿಫೋರ್ನಿಯಾದ ಆರೋಹಿಗಳು. ಅಲ್ಲಿನ ಯೊಸೆಮಿಟಿ ಕಣಿವೆಯಲ್ಲಿ ಎಲ್ ಕ್ಯಾಪಿಟನ್ ಎಂಬ, ಸುಮಾರು 900 ಮೀಟರ್ ಎತ್ತರದ ಗ್ರಾನೈಟ್ ಗೋಡೆಯಿದೆ. ಅದರ 'ನೋಸ್' ಎಂಬ ದಾರಿಯನ್ನು ವಾರೆನ್ ಹಾರ್ಡಿಂಗ್ ಮತ್ತು ಸಂಗಡಿಗರು 1958ರ ನವೆಂಬರಿನಲ್ಲಿ ಮೊದಲ ಬಾರಿಗೆ ಏರಿ ಮುಗಿಸಿದರು. ಹಂತಹಂತವಾಗಿ ಸುಮಾರು ಒಂದೂವರೆ ವರ್ಷ ನಡೆದ ಆ ಸಾಹಸದ ಕೊನೆಯ ರಾತ್ರಿ, ತಲೆದೀಪದ ಬೆಳಕಿನಲ್ಲಿ ಹಾರ್ಡಿಂಗ್ ಕೈಯಿಂದಲೇ 28 ರಂಧ್ರಗಳನ್ನು ಕೊರೆದು ಬೋಲ್ಟು ಹೊಡೆದರು. ಇಂದಿಗೂ ಆರೋಹಿಗಳು ಆ ರಾತ್ರಿಯ ಕಥೆಯನ್ನು ಹೇಳಿಕೊಳ್ಳುತ್ತಾರೆ. ಆ ಕಾಲದ ಬೋಲ್ಟುಗಳು ಕಾಲು ಇಂಚಿನವು. ಕೈಯಿಂದ ಕೊರೆಯುವವರಿಗೆ ರಂಧ್ರ ಸಣ್ಣದಾದಷ್ಟೂ ಒಳ್ಳೆಯದು ತಾನೇ? ಮೇಲಕ್ಕೆ ಹೋಗಿ ಬರುವವರೆಗೆ ಅವು ತಡೆದರೆ ಸಾಕಿತ್ತು. ಆದರೆ ಹಿಂದೆಯೇ ಬಂದ ಸಾವಿರಾರು ಮಂದಿಯೂ ಅದೇ ಬೋಲ್ಟುಗಳಿಗೆ ನೇತುಬಿದ್ದರು.

1990ರ ದಶಕದ ಹೊತ್ತಿಗೆ ಅಂಥ ಅನೇಕ ಬೋಲ್ಟುಗಳು ಶಿಥಿಲವಾಗಿದ್ದವು. ಕ್ರಿಸ್ ಮೆಕ್‌ನಮಾರಾ ಎಂಬ ಯುವ ಆರೋಹಿ 1998ರಲ್ಲಿ ಅಮೆರಿಕನ್ ಸೇಫ್ ಕ್ಲೈಂಬಿಂಗ್ ಅಸೋಸಿಯೇಷನ್ ಎಂಬ ಲಾಭರಹಿತ ಸಂಸ್ಥೆಯನ್ನು ಕಟ್ಟಿದರು. ಅದು ದೇಣಿಗೆಯ ಹಣದಲ್ಲಿ ಬೋಲ್ಟು ಕೊಂಡು, ಸ್ವಯಂಸೇವಕರ ಕೈಗೆ ಕೊಟ್ಟು, ಸಾವಿರಾರು ಹಳೆಯ ಬೋಲ್ಟುಗಳನ್ನು ಬದಲಿಸಿದೆ. ಯೊಸೆಮಿಟಿಯ ವನ್ಯಪ್ರದೇಶದಲ್ಲಿ ವಿದ್ಯುತ್ ಡ್ರಿಲ್ ಬಳಸುವಂತಿಲ್ಲ. ನಮಗೆ ಒಂದೆರಡು ನಿಮಿಷದಲ್ಲಿ ಮುಗಿಯುವ ರಂಧ್ರಕ್ಕೆ ಅವರು ಸುತ್ತಿಗೆ ಹಿಡಿದು ಅರ್ಧ ಗಂಟೆ, ಕೆಲವೊಮ್ಮೆ ಒಂದು ಗಂಟೆ ಬಡಿಯಬೇಕು. ಹಾಗಿದ್ದೂ ಹಳೆಯ ರಂಧ್ರವನ್ನೇ ಮತ್ತೆ ಬಳಸುವ ಪದ್ಧತಿಯನ್ನು ಅವರು ಬಿಟ್ಟಿಲ್ಲ. ಹಾರ್ಡಿಂಗ್ ಅವರ ಆ ಒಂದು ರಾತ್ರಿ ಜಗತ್ತಿಗೆಲ್ಲ ಗೊತ್ತು. ಈ ಸ್ವಯಂಸೇವಕರು ಬೋಲ್ಟು ಕೀಳುತ್ತಾ ಕಳೆದ ಹಗಲುಗಳನ್ನು ನೆನೆಯುವವರು ಕಡಿಮೆ.

ಒಳ್ಳೆಯ ಲೋಹ ಹಾಕಿಬಿಟ್ಟರೆ ಶಾಶ್ವತ ಪರಿಹಾರವಾಗುವುದಿಲ್ಲವೇ ಎಂದು ಕೇಳಬಹುದು. ಥಾಯ್ಲೆಂಡಿನ ರೈಲೇ ಕಡಲತೀರದ ಸುಣ್ಣಕಲ್ಲಿನ ಬಂಡೆಗಳು ಇದಕ್ಕೆ ಉತ್ತರ ಕೊಟ್ಟಿವೆ. ಅಲ್ಲಿ ಸ್ಟೇನ್‌ಲೆಸ್ ಸ್ಟೀಲಿನ ಬೋಲ್ಟುಗಳೇ ಕೆಲವೇ ವರ್ಷಗಳಲ್ಲಿ ಮುರಿಯತೊಡಗಿದವು. ಕಡಲ ಗಾಳಿಯ ಉಪ್ಪಿನಂಶ, ಬಿಸಿ ಹವೆ ಮತ್ತು ಬಿಗಿದ ಲೋಹದೊಳಗಿನ ಎಳೆತ ಈ ಮೂರೂ ಕೂಡಿದಾಗ ಉಕ್ಕಿನಲ್ಲಿ ಕೂದಲಿನಂಥ ಬಿರುಕುಗಳು ಹಬ್ಬುತ್ತವೆ. ಮೇಲ್ನೋಟಕ್ಕೆ ತುಕ್ಕು ಅಷ್ಟಾಗಿ ಕಾಣದೆ ಇರಬಹುದು. ಎರಡೂವರೆ ಟನ್ ತಾಳಬೇಕಾದ ಬೋಲ್ಟು ಒಬ್ಬ ಮನುಷ್ಯನ ಭಾರಕ್ಕೇ ತುಂಡಾಗಬಹುದು. ಕೊನೆಗೆ ಅಲ್ಲಿನ ಆರೋಹಿಗಳು ಹಣ ಕೂಡಿಸಿ, ಉಪ್ಪಿಗೆ ಜಗ್ಗದ ಟೈಟಾನಿಯಂ ಬೋಲ್ಟುಗಳನ್ನು ಅಂಟಿನಲ್ಲಿ ಕೂರಿಸಲು ಆರಂಭಿಸಿದರು. ಪರ್ವತಾರೋಹಣ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಯುಐಎಎ 2020ರಲ್ಲಿ ತನ್ನ ಮಾನದಂಡವನ್ನು ಪರಿಷ್ಕರಿಸಿ, ಬೋಲ್ಟುಗಳನ್ನು ಬಲದಿಂದ ಮಾತ್ರವಲ್ಲದೆ ಸವೆತವನ್ನು ತಡೆಯುವ ಗುಣದಿಂದಲೂ ವರ್ಗೀಕರಿಸಿತು. ಕಡಲಿನಿಂದ ದೂರವಿರುವ ರಾಮನಗರಕ್ಕೂ ಬಾದಾಮಿಗೂ ಟೈಟಾನಿಯಂ ಬೇಕಿಲ್ಲ, ಒಳ್ಳೆಯ ಸ್ಟೇನ್‌ಲೆಸ್ ಸ್ಟೀಲ್ ಸಾಕು. ಆದರೆ 'ಹಾಕಿ ಮರೆತುಬಿಡಬಹುದು' ಎನ್ನುವಂಥ ಲೋಹವನ್ನು ನೆಚ್ಚಿ ಕೂರುವಂತಿಲ್ಲ ಎಂಬ ಪಾಠ ನಮಗೂ ಅನ್ವಯಿಸುತ್ತದೆ.

ಬದಲಿಸುವ ಕೆಲಸದಲ್ಲಿ ತಾಂತ್ರಿಕತೆಯಷ್ಟೇ ಮುಖ್ಯವಾದದ್ದು ಸಂಯಮ. ಸಾವನದುರ್ಗದ ಇಳಿಜಾರು ಬಂಡೆಯ ಉದ್ದನೆಯ ದಾರಿಗಳನ್ನು ಏರಿದವರಿಗೆ ಗೊತ್ತು, ಅಲ್ಲಿ ಒಂದು ಬೋಲ್ಟಿನಿಂದ ಇನ್ನೊಂದಕ್ಕೆ ಎದೆ ಢವಗುಟ್ಟುವಷ್ಟು ದೂರ. ಮೊದಲು ಏರಿದವರು ಅಷ್ಟೇ ಬೋಲ್ಟುಗಳಲ್ಲಿ ಏರಿದರು. ಡ್ರಿಲ್ ಕೈಗೆ ಬಂದೊಡನೆ 'ಇಲ್ಲೊಂದು, ಅಲ್ಲೊಂದು ಹೆಚ್ಚಿಗೆ ಹಾಕಿಬಿಡೋಣ' ಎಂಬ ಆಸೆ ಯಾರಿಗಾದರೂ ಬರುತ್ತದೆ. ಹಾಗೆ ಮಾಡಿದರೆ ದಾರಿ ಸುಲಭವಾಗುತ್ತದೆ, ಆದರೆ ಅದು ಅದೇ ದಾರಿಯಾಗಿ ಉಳಿಯುವುದಿಲ್ಲ. ಒಂಬತ್ತು ಕಿತ್ತರೆ ಒಂಬತ್ತು, ಅವೇ ರಂಧ್ರಗಳಲ್ಲಿ, ಎಂಬುದು ಜಗತ್ತಿನ ಬಹುಪಾಲು ಆರೋಹಿಗಳು ಒಪ್ಪಿದ ನೀತಿ. ತೀರಾ ಅಪಾಯದ ಜಾಗವಿದ್ದರೆ, ಮೊದಲು ಏರಿದವರನ್ನೂ ಅಲ್ಲಿ ಏರುವ ಸಮುದಾಯವನ್ನೂ ಕೇಳಿ ನಿರ್ಧರಿಸಬೇಕು. ಹಳೆಯ ಗುಡಿಯನ್ನು ಜೀರ್ಣೋದ್ಧಾರ ಮಾಡುವವರು ಸಿಮೆಂಟು ಬಳಿದು, ಹೊಳೆಯುವ ಹೆಂಚು ಹಾಸಿದಾಗ ನಮಗಾಗುವ ಸಂಕಟವನ್ನು ನೆನೆದರೆ ಈ ನೀತಿಯ ಅರ್ಥ ತಿಳಿಯುತ್ತದೆ.

ಇನ್ನು ಹೊಣೆಯ ಪ್ರಶ್ನೆ. 'ಏರುವುದು ಅವರವರ ಇಷ್ಟ, ಅಪಾಯವೂ ಅವರದೇ. ಊರಿನವರಿಗೇಕೆ ಈ ಚಿಂತೆ?' ಎನ್ನುವವರಿದ್ದಾರೆ. ಬೋಳು ಬಂಡೆಯ ವಿಷಯದಲ್ಲಿ ಈ ವಾದ ಸರಿ. ಬೋಳು ಬಂಡೆ ಯಾರಿಗೂ ಏನೂ ಮಾತು ಕೊಡುವುದಿಲ್ಲ. ಬೋಲ್ಟು ಹಾಗಲ್ಲ. 'ಇಲ್ಲಿ ಕೊಕ್ಕೆ ಹಾಕು, ನಾನು ಹಿಡಿಯುತ್ತೇನೆ' ಎಂದು ಅದು ಅಪರಿಚಿತರಿಗೆ ಮಾತು ಕೊಡುತ್ತದೆ. ಕೆಳಗೆ ನಿಂತ ಹದಿನೆಂಟರ ಹುಡುಗಿಗೆ ಅದನ್ನು ಯಾರು ಹಾಕಿದರು, ಯಾವಾಗ ಹಾಕಿದರು, ಯಾವ ಲೋಹ, ಎಷ್ಟು ಆಳ ಎಂಬುದು ಗೊತ್ತಾಗುವ ಬಗೆಯಿಲ್ಲ. ಹಾಕಿದವರು ಇಂದು ಏರುವುದನ್ನೇ ಬಿಟ್ಟಿರಬಹುದು, ವಿದೇಶಕ್ಕೆ ಹೋಗಿರಬಹುದು. ಅವರು ಕೊಟ್ಟ ಮಾತು ಮಾತ್ರ ಕಲ್ಲಿನಲ್ಲಿ ಉಳಿದಿದೆ. ಆ ಮಾತನ್ನು ನಡೆಸಿಕೊಡಬೇಕಾದವರು, ಇಲ್ಲವೇ ಬೋಲ್ಟನ್ನು ಕಿತ್ತು ಮಾತನ್ನು ಹಿಂತೆಗೆದುಕೊಳ್ಳಬೇಕಾದವರು, ಅಲ್ಲಿ ಈಗ ಏರುತ್ತಿರುವ ನಾವು.

ಆಡಳಿತದ ಪಾತ್ರವೂ ಇದೆ. ಅಮೆರಿಕದಲ್ಲಿ 2023ರಲ್ಲಿ ಅಲ್ಲಿನ ರಾಷ್ಟ್ರೀಯ ಉದ್ಯಾನ ಸೇವೆ ಮತ್ತು ಅರಣ್ಯ ಸೇವೆಗಳು ವನ್ಯಪ್ರದೇಶಗಳ ಬೋಲ್ಟುಗಳನ್ನು ತಾತ್ವಿಕವಾಗಿ ನಿಷಿದ್ಧ ಸ್ಥಾಪನೆಗಳೆಂದು ಪರಿಗಣಿಸುವ ಕರಡನ್ನು ಹೊರಡಿಸಿದವು. ಹಾಗಾದರೆ ಕೆಟ್ಟುಹೋದ ಬೋಲ್ಟನ್ನು ಬದಲಿಸುವುದಕ್ಕೂ ಕಡತ ಓಡಾಡಬೇಕು, ಅಷ್ಟರಲ್ಲಿ ಯಾರಾದರೂ ಬಿದ್ದರೆ ಏನು ಗತಿ ಎಂದು ಆರೋಹಿಗಳು ವಾದಿಸಿದರು. 2025ರ ಜನವರಿಯಲ್ಲಿ ಅಧ್ಯಕ್ಷರ ಅಂಕಿತ ಪಡೆದ ಎಕ್ಸ್‌ಪ್ಲೋರ್ ಕಾಯ್ದೆ, ವನ್ಯಪ್ರದೇಶಗಳಲ್ಲಿ ಇಂಥ ಆಸರೆಗಳನ್ನು ಬಳಸುವುದಕ್ಕೂ ನಿರ್ವಹಿಸುವುದಕ್ಕೂ ಅವಕಾಶವಿದೆ ಎಂಬ ನಿಲುವನ್ನು ಎತ್ತಿಹಿಡಿಯಿತು. ನಾವು ಗಮನಿಸಬೇಕಾದದ್ದು ಆ ಕಾಯ್ದೆಯ ವಿವರಗಳನ್ನಲ್ಲ, ಬೋಲ್ಟಿನಂಥ ಸಣ್ಣ ವಸ್ತುವಿನ ಬಗ್ಗೆ ಅಲ್ಲಿ ಸಾರ್ವಜನಿಕ ಚರ್ಚೆ ನಡೆಯಿತೆಂಬುದನ್ನು.

ನಮ್ಮಲ್ಲಿ ಬಂಡೆಗಳಿಗೆ ಬೇರೆ ಹಕ್ಕುದಾರರೂ ಇದ್ದಾರೆ, ಅವರ ಹಕ್ಕು ನಮ್ಮದಕ್ಕಿಂತ ದೊಡ್ಡದು. 'ಶೋಲೆ' ಚಿತ್ರದಿಂದ ಹೆಸರಾದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಗಳ ವನ್ಯಧಾಮವೆಂದು ಘೋಷಿತವಾಯಿತು. ಅಳಿವಿನಂಚಿನ ಹಕ್ಕಿ ಗೂಡು ಕಟ್ಟುವ ಕಡಿದಾದ ಬಂಡೆಯಲ್ಲಿ ಡ್ರಿಲ್ಲಿನ ಸದ್ದಿಗೆ ಜಾಗವಿಲ್ಲ. ಬಾದಾಮಿಯಲ್ಲಿ ಆರನೆಯ ಶತಮಾನದ ಗುಹಾಲಯಗಳಿವೆ. ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ವಲಯವನ್ನು 2010ರ ತಿದ್ದುಪಡಿಯ ಕಾಯ್ದೆ ನಿಷೇಧಿತ ಪ್ರದೇಶವೆಂದು ಗುರುತಿಸಿದೆ. ಇವುಗಳನ್ನು ಗೌರವಿಸಿದ ಮೇಲೂ ಏರಲು ಬೇಕಾದಷ್ಟು ಬಂಡೆ ಈ ನಾಡಿನಲ್ಲಿದೆ. ಏರಲು ಬಿಟ್ಟಿರುವ ಜಾಗಗಳಲ್ಲಿ ದುರಸ್ತಿಗೂ ಬಿಡಬೇಕೆಂಬುದಷ್ಟೇ ಕೋರಿಕೆ. ಅಪಘಾತವಾದ ಮರುದಿನ ಎಲ್ಲವನ್ನೂ ನಿಷೇಧಿಸುವುದು ಸುಲಭ. ಅಪಘಾತಕ್ಕೆ ಮೊದಲು ಬೋಲ್ಟು ಬದಲಿಸಲು ಒಂದು ಅನುಮತಿ ಪತ್ರ ಕೊಡುವುದು ಅದಕ್ಕಿಂತ ಸುಲಭವಾಗಬೇಕು.

ಮಾಡಬೇಕಾದ ಕೆಲಸ ದೊಡ್ಡದೇನೂ ಅಲ್ಲ. ಪ್ರತಿಯೊಂದು ಬಂಡೆಗೂ ಒಂದು ದಾಖಲೆ ಪುಸ್ತಕವಿರಲಿ. ಯಾವ ದಾರಿಯಲ್ಲಿ ಎಷ್ಟು ಬೋಲ್ಟು, ಯಾವ ಲೋಹ, ಎಷ್ಟು ಉದ್ದ, ಹಾಕಿದ ವರ್ಷ, ಪರೀಕ್ಷಿಸಿದ ವರ್ಷ ಎಂಬ ಐದು ವಿವರಗಳು ಅದರಲ್ಲಿದ್ದರೆ ಸಾಕು. ಹಣ ಪಡೆದು ತರಬೇತಿ ಶಿಬಿರ ನಡೆಸುವವರು ಪ್ರತಿ ಶಿಬಿರಾರ್ಥಿಯ ಶುಲ್ಕದಲ್ಲಿ ಸಣ್ಣದೊಂದು ಪಾಲನ್ನು ಬೋಲ್ಟಿನ ನಿಧಿಗೆ ಎತ್ತಿಡಲಿ. ಒಂದು ದಾರಿಯನ್ನು ಹೊಸದಾಗಿಸಲು ಬೇಕಾದ್ದು ಹನ್ನೆರಡು ಹದಿಮೂರು ಬೋಲ್ಟು, ಇಬ್ಬರು ಬಲ್ಲವರ ಒಂದೆರಡು ದಿನದ ದುಡಿಮೆ. ಡ್ರಿಲ್ ಕೊಳ್ಳಬಲ್ಲವರೆಲ್ಲ ಬೋಲ್ಟು ಹಾಕಬಲ್ಲವರಲ್ಲ. ಆದ್ದರಿಂದ ರಾಜ್ಯದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಂಥ ಸಂಸ್ಥೆಗಳಲ್ಲಿ ಬೋಲ್ಟಿನ ಪರೀಕ್ಷೆ ಮತ್ತು ಬದಲಾವಣೆ ಪ್ರಧಾನ ಪಾಠವಾಗಲಿ. ಟೋಕಿಯೊ ಒಲಿಂಪಿಕ್ಸಿನಲ್ಲಿ ಮೊದಲ ಬಾರಿಗೆ ಸ್ಥಾನ ಪಡೆದ ಮೇಲೆ ಈ ಕ್ರೀಡೆಗೆ ಹೊಸ ಮಕ್ಕಳು ಬರುತ್ತಿದ್ದಾರೆ. ನಗರದ ಒಳಾಂಗಣ ಗೋಡೆಗಳಲ್ಲಿ ಕಲಿತ ಅವರು ಅಲ್ಲಿನ ಬೋಲ್ಟಿನಷ್ಟೇ ಗಟ್ಟಿಯಾಗಿ ಬೆಟ್ಟದ ಬೋಲ್ಟನ್ನೂ ನಂಬಿ ಬರುತ್ತಾರೆ. ಅವರ ನಂಬಿಕೆಗೆ ತಕ್ಕಂತೆ ಬೆಟ್ಟವನ್ನು ಸಜ್ಜುಗೊಳಿಸಬೇಕಾದವರು ಹಿರಿಯರು.

ಕೆರೆ ಕಟ್ಟಿಸಿದವರ ಹೆಸರನ್ನು ನಮ್ಮ ಶಾಸನಗಳು ಹಾಡಿ ಹೊಗಳುತ್ತವೆ. ವರ್ಷವರ್ಷವೂ ಹೂಳೆತ್ತಿದವರ ಹೆಸರು ಸಾಮಾನ್ಯವಾಗಿ ಸಿಗುವುದಿಲ್ಲ. ಹಾಗಿದ್ದೂ ಹಳೆಯದನ್ನು ಉದ್ಧರಿಸುವುದು ಹೊಸದನ್ನು ಕಟ್ಟುವುದಕ್ಕಿಂತ ಹೆಚ್ಚಿನ ಪುಣ್ಯವೆಂಬ ಮಾತು ನಮ್ಮಲ್ಲಿ ಉಳಿದು ಬಂದಿದೆ. ಆರೋಹಿಗಳ ಕೈಪಿಡಿಗಳಲ್ಲಿ ಪ್ರತಿ ದಾರಿಯ ಪಕ್ಕದಲ್ಲೂ ಮೊದಲು ಏರಿದವರ ಹೆಸರು ಮತ್ತು ವರ್ಷವನ್ನು ಮುದ್ರಿಸುವುದು ವಾಡಿಕೆ. ಆ ಗೌರವ ನ್ಯಾಯವಾದದ್ದೇ. ಅದರ ಪಕ್ಕದಲ್ಲಿ ಬೋಲ್ಟು ಬದಲಿಸಿದವರ ಹೆಸರು ಇಲ್ಲದಿದ್ದರೂ ಬೇಡ, ಬದಲಿಸಿದ ವರ್ಷವನ್ನಾದರೂ ಮುದ್ರಿಸಬೇಕು. ನಾಳೆ ಬೆಳಿಗ್ಗೆ ಹಗ್ಗ ಕಟ್ಟಿಕೊಂಡು ಬಂಡೆಯ ಬುಡದಲ್ಲಿ ನಿಲ್ಲುವವರಿಗೆ ಮೊದಲು ತಿಳಿಯಬೇಕಾದದ್ದು ಆ ವರ್ಷ.